ಬಾಗಿಲ ಬೀಗಕ್ಕೊಂದು ಮೋಟಾರು: ನೀವು ಕೇಳಿದ್ದು, ನಾನು ಹೇಳೋದು

ಹೋದ ತಿಂಗಳು ಇದೇ ಅಂಕಣದಲ್ಲಿ ಹಳೇ ಬೀಗ ಕೀಳದೇನೇ ಅದರ ಒಳಗಡೆ ನಾಬ್ ಮೇಲೆ ಒಂದು ಮೋಟಾರ್ ಕೂರಿಸಿ ಬಾಗಿಲು ತೆಗೆಯೋ ಹಾಗೆ ಮನೇಲೇ ಮಾಡ್ಕೋಬಹುದು ಅಂತ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಇತ್ತೀಚೆಗೆ ಬೇರೆ ಯಾವುದಕ್ಕೂ ಬಂದಿಲ್ಲ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ನಮ್ಮ ತಂದೆಗೆ 76 ವರ್ಷ, ಮಂಡಿನೋವು. ಬೆಲ್ ಆದ್ಮೇಲೆ ಎದ್ದು ಬಾಗಿಲ ತನಕ ಬರೋದ್ರೊಳಗೆ ಬಂದವರು ಹೊರಟೋಗಿರ್ತಾರೆ. ನಾವಿಬ್ರೂ ಕೆಲಸಕ್ಕೆ ಹೋಗೋರು. ಬಾಗಿಲಿಗೆ ನೈಟ್ ಲ್ಯಾಚ್ (ಬಾಗಿಲು ಮುಚ್ಚಿದ್ರೆ ತಾನಾಗೇ ಬೀಳೋ ಬೀಗ) ಇದೆ, ಒಳಗಡೆ ತಿರುಗಿಸೋ ನಾಬ್. ಒಂದು ಎಸ್‌ಜಿ90 ಸರ್ವೋ (ಹೇಳಿದಷ್ಟೇ ಡಿಗ್ರಿ ತಿರುಗೋ ಪುಟ್ಟ ಮೋಟಾರ್) ತಂದು ಇಎಸ್‌ಪಿ32ಗೆ (ಅದನ್ನ ನಡೆಸೋ ವೈಫೈ ಇರೋ ಸಣ್ಣ ಬೋರ್ಡು) ಹಾಕಿದೆ. ಕೈಯಲ್ಲಿ ಹಿಡ್ಕೊಂಡ್ರೆ ಚೆನ್ನಾಗಿ ತಿರುಗುತ್ತೆ, ನಾಬ್‌ಗೆ ಕಟ್ಟಿದ್ರೆ ಕುಂಯ್ ಅಂತ ಸದ್ದು ಮಾಡಿ ನಿಂತುಬಿಡುತ್ತೆ. ಯಾವ ಮೋಟಾರ್ ತಗೋಬೇಕು? (ಮೈಸೂರಿನ ಓದುಗರು)

ಉತ್ತರ: ಮೋಟಾರ್ ವಿಷಯ ಆಮೇಲೆ ನೋಡೋಣ, ಮೊದಲು ನಿಮ್ಮ ನಾಬ್ ಎಷ್ಟು ಬಲ ಕೇಳುತ್ತೆ ಅಂತ ಅಳೀಬೇಕು. ನನಗೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜನ ಇದನ್ನ ಅಳೀದೇ ಮೋಟಾರ್ ತಂದಿದ್ದಾರೆ. ಇದಕ್ಕೆ ಯಾವ ಉಪಕರಣನೂ ಬೇಡ. ಒಂದು ಅಡಿ ಸ್ಕೇಲು, ಎರಡು ರಬ್ಬರ್ ಬ್ಯಾಂಡು, ಒಂದು ಖಾಲಿ ನೀರಿನ ಬಾಟ್ಲಿ, ಅಡುಗೆಮನೆ ಅಳತೆ ಲೋಟ ಇದ್ರೆ ಸಾಕು. ಸ್ಕೇಲನ್ನ ನಾಬ್‌ಗೆ ಬಿಗಿಯಾಗಿ ಕಟ್ಟಿ, ನಾಬ್ ಮಧ್ಯದಿಂದ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಬಾಟ್ಲಿ ನೇತುಹಾಕಿ ಸ್ವಲ್ಪ ಸ್ವಲ್ಪ ನೀರು ಹುಯ್ತಾ ಹೋಗಿ. ನೈಟ್ ಲ್ಯಾಚ್ ಒಳಗೆ ಸ್ಪ್ರಿಂಗ್ ಇರೋದ್ರಿಂದ ನಾಬ್ ತಿರುಗಿ ಕೊನೆ ಮುಟ್ಟೋ ಹೊತ್ತಿಗೆ ಹೆಚ್ಚು ಬಲ ಬೇಕಾಗುತ್ತೆ, ಅದಕ್ಕೇ ಲ್ಯಾಚ್ ಪೂರ್ತಿ ಒಳಗೆ ಹೋದಾಗ ಸ್ಕೇಲು ನೆಲಕ್ಕೆ ಸಮವಾಗಿ ಅಡ್ಡಡ್ಡ ಬರೋ ಹಾಗೆ ಕಟ್ಟಿ. ಲ್ಯಾಚ್ ಪೂರ್ತಿ ಹಿಂದಕ್ಕೆ ಸರಿದಾಗ ಬಾಟ್ಲೀಲಿ 400 ಎಂಎಲ್ ನೀರಿದೆ ಅಂದ್ಕೊಳ್ಳಿ, ಅಂದ್ರೆ 400 ಗ್ರಾಂ, ಹತ್ತು ಸೆಂಟಿಮೀಟರ್ ದೂರಕ್ಕೆ ಅದು 4 ಕೆಜಿ ಸೆಂಟಿಮೀಟರ್ ಆಯ್ತು, ತಿರುಗಿಸೋ ಬಲದ ಅಳತೆ ಇದು. ಎಸ್‌ಜಿ90 ತನ್ನ ಶಕ್ತಿಯೆಲ್ಲಾ ಹಾಕಿದ್ರೂ ಕೊಡೋದು ಸುಮಾರು 1.8, ಅದೂ ನಿಂತುಹೋಗೋ ಹೊತ್ತಿಗೆ. ನಿಮ್ಮ ಸರ್ವೋ ಕುಂಯ್ ಅಂದಿದ್ದು ಇದಕ್ಕೇ, ಅದು ಕೆಟ್ಟಿಲ್ಲ.

ಅಳತೆ ಬಂದ ಮೇಲೆ ಅದನ್ನ ಎರಡರಿಂದ ಗುಣಿಸಿ, ಯಾಕಂದ್ರೆ ಮಳೆಗಾಲ ಅಂತ ಒಂದಿದೆ, ಬೀಗಕ್ಕೆ ವಯಸ್ಸಾಗೋದು ಅಂತ ಒಂದಿದೆ. ಎಂಜಿ996ಆರ್ ಅಂತ ಸಿಗೋ ಮೆಟಲ್ ಗೇರ್ ಸರ್ವೋ 4.8 ವೋಲ್ಟಿಗೆ 9.4, 6 ವೋಲ್ಟಿಗೆ 11 ಕೆಜಿ ಸೆಂಟಿಮೀಟರ್ ಅಂತ ಅದರ ಡೇಟಾಶೀಟೇ ಹೇಳುತ್ತೆ, ಅಂಗಡೀಲಿ ಸಿಗೋ ನಕಲಿಗಳು ಅದಕ್ಕಿಂತ ಕಮ್ಮಿ ಇರ್ತವೆ. ಅದು ಸಿಕ್ಕಿ ನಿಂತಾಗ 6 ವೋಲ್ಟಿಗೆ 2.5 ಆಂಪಿಯರ್ ಎಳೆಯುತ್ತೆ. ಇದನ್ನ ಇಎಸ್‌ಪಿ32 ಬೋರ್ಡಿನ 5 ವೋಲ್ಟ್ ಪಿನ್ನಿಂದ ಓಡಿಸೋಕೆ ಹೋಗ್ಬೇಡಿ, ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗ್ತಾನೇ ಇರುತ್ತೆ, ಆಮೇಲೆ ನೀವು ಕೋಡಲ್ಲಿ ತಪ್ಪು ಹುಡುಕ್ತಾ ಎರಡು ರಾತ್ರಿ ಕಳೀತೀರಿ. ಸರ್ವೋಗೆ ಬೇರೆನೇ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಕೊಡಿ, ಅದರ ಹತ್ರಾನೇ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಎರಡರ ಗ್ರೌಂಡ್ (ಮೈನಸ್ ವೈರು) ಮಾತ್ರ ಒಟ್ಟಿಗೆ ಸೇರಿಸಿ.

ಈಗ ನಿಮ್ಮ ಬಾಗಿಲಿಗೆ ನಾನು ಹೇಳೋ ದಾರಿ. ನೈಟ್ ಲ್ಯಾಚನ್ನ ಒಂದೇ ಕಡೆಗೆ ಎಳೆದ್ರೆ ಸಾಕು, ವಾಪಸ್ ತರೋಕೆ ಅದರ ಸ್ಪ್ರಿಂಗೇ ಇದೆ. ಅಂದಮೇಲೆ ಸರ್ವೋನ ನಾಬ್ ಮೇಲೆ ಗಟ್ಟಿಯಾಗಿ ಕೂರಿಸೋದೇ ಬೇಡ. ಸೈಕಲ್ ಅಂಗಡಿಗೆ ಹೋಗಿ ಒಂದು ಬ್ರೇಕ್ ಕೇಬಲ್ ತನ್ನಿ, ಒಳಗಿನ ತಂತಿ ಮಾತ್ರ ಸಾಕು. ನಾಬ್‌ಗೆ 3 ಸೆಂಟಿಮೀಟರ್ ಉದ್ದದ ಒಂದು ಸಣ್ಣ ಪಟ್ಟಿ ಕ್ಲ್ಯಾಂಪ್ ಮಾಡಿ ಅದರ ತುದಿಗೆ ತಂತಿ ಕಟ್ಟಿ, ಇನ್ನೊಂದು ತುದಿ ಅದೇ ಕದದ ಮೇಲೆ ಒಂದು ಗೇಣು ದೂರದಲ್ಲಿ ಕೂರಿಸಿದ ಸರ್ವೋ ತೋಳಿಗೆ. ಸರ್ವೋ ಎಳೆಯುತ್ತೆ, ಲ್ಯಾಚ್ ಹಿಂದಕ್ಕೆ ಹೋಗುತ್ತೆ, ಐದು ಸೆಕೆಂಡ್ ಹಿಡ್ಕೊಂಡು ಬಿಡುತ್ತೆ, ತಂತಿ ಸಡಿಲ ಆಗುತ್ತೆ. ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು ಈ ಸಡಿಲನೇ. ತಂತಿ ಎಳೆಯೋಕೆ ಮಾತ್ರ ಬರುತ್ತೆ, ತಳ್ಳೋಕೆ ಬರಲ್ಲ, ಹಾಗಾಗಿ ಮೋಟಾರ್ ಸತ್ತುಹೋದ್ರೂ ಹೊರಗಿನಿಂದ ಬೀಗದಕೈ ಮೊದಲಿನ ಹಾಗೇ ತಿರುಗುತ್ತೆ, ಒಳಗಿನಿಂದ ಅಪ್ಪ ಕೈಯಲ್ಲಿ ತಿರುಗಿಸಿದ್ರೂ ಏನೂ ಅಡ್ಡ ಬರಲ್ಲ.

ಇನ್ನೆರಡು ಮಾತು, ಇವು ಮೋಟಾರಿಗಿಂತ ಮುಖ್ಯ. ಅಪ್ಪನಿಗೆ ಆ್ಯಪ್ ಕೊಡ್ಬೇಡಿ. ಅವರು ಕೂತ್ಕೊಳ್ಳೋ ಕುರ್ಚಿ ಪಕ್ಕ ಒಂದು ಮಾಮೂಲಿ ಬೆಲ್ ಸ್ವಿಚ್ ಹಾಕಿ, ಎರಡು ವೈರು, ಇಎಸ್‌ಪಿ32ರ ಒಂದು ಪಿನ್ನು, ಮುಗೀತು. ಕನ್ನಡಕ ಹುಡುಕಿ ಫೋನ್ ಲಾಕ್ ತೆಗೆದು ಆ್ಯಪ್ ತೆರೆಯೋದ್ರೊಳಗೆ ಅವರು ನಡ್ಕೊಂಡೇ ಬಂದುಬಿಡಬಹುದು. ಆದ್ರೆ ಬಂದವರು ಯಾರು ಅಂತ ಕುರ್ಚಿಯಿಂದಲೇ ಕಾಣಬೇಕು, ಕಿಟಕಿಯಿಂದ ಕಾಣದಿದ್ರೆ ಒಂದು ವಿಡಿಯೋ ಡೋರ್‌ಬೆಲ್ ಹಾಕ್ಸಿ, ಅದಿಲ್ಲದೆ ಈ ಸ್ವಿಚ್ ಕೊಡ್ಲೇಬೇಡಿ. ಎರಡನೇದು, ನಮ್ಮ ಮನೆಗಳಲ್ಲಿ ಹಿರಿಯರಿಗೆ ಬಾಗಿಲು ಹಾಕಿದ ತಕ್ಷಣ ಚಿಲಕ ಹಾಕೋದು ಅಭ್ಯಾಸ, ಕೈ ತಾನಾಗೇ ಮೇಲಕ್ಕೆ ಹೋಗುತ್ತೆ. ಮೇಲಿನ ಚಿಲಕ ಹಾಕಿದ್ರೆ ನಿಮ್ಮ ಮೋಟಾರ್ ಲ್ಯಾಚ್ ಎಳೆದು ಎಳೆದು ಸುಮ್ಮನಾಗುತ್ತೆ, ಬಾಗಿಲು ತೆಗೆಯಲ್ಲ. ಹಗಲು ಲ್ಯಾಚ್ ಮಾತ್ರ, ರಾತ್ರಿ ನೀವು ಬಂದ ಮೇಲೆ ಚಿಲಕ ಅಂತ ಅವರ ಜೊತೆ ಕೂತು ಮಾತಾಡಿ ಒಪ್ಪಿಸಿ.

ಪ್ರಶ್ನೆ: ನಮ್ಮದು ಲ್ಯಾಚ್ ಅಲ್ಲ, ನಾಬನ್ನ ಕಾಲು ಸುತ್ತು ತಿರುಗಿಸಿದ್ರೆ ಬೋಲ್ಟ್ ಹೊರಗೆ ಬರುತ್ತೆ, ವಾಪಸ್ ತಿರುಗಿಸಿದ್ರೆ ಒಳಗೆ. ಎಂಜಿ996ಆರ್ ಹಾಕಿ 3ಡಿ ಪ್ರಿಂಟ್ ಮಾಡಿದ ಬಟ್ಟಲಿನಂಥ ಕಪ್ಲರ್‌ನಲ್ಲಿ (ಮೋಟಾರಿಗೂ ನಾಬ್‌ಗೂ ನಡುವಿನ ಜೋಡಣೆ) ನಾಬ್ ಹಿಡಿಸಿದ್ದೀನಿ, ಚೆನ್ನಾಗೇ ಕೆಲಸ ಮಾಡ್ತಿದೆ. ಆದ್ರೆ ಹೊರಗಿಂದ ಕೀ ಹಾಕಿದ್ರೆ ತುಂಬಾ ಗಟ್ಟಿ. ಇದು ಸರಿನಾ? (ಶಿವಮೊಗ್ಗದ ಓದುಗರು)

ಉತ್ತರ: ಸರಿಯಲ್ಲ, ಇವತ್ತೇ ಬಿಚ್ಚಿ. ಖಡಾಖಂಡಿತವಾಗಿ ಹೇಳ್ತಿದ್ದೀನಿ, ಯಾಕಂದ್ರೆ ನಾನೂ ಹೀಗೇ ಮಾಡಿದ್ದೆ.

ನಮ್ಮಮ್ಮನ ಮನೇಲಿ ಹಾಕಿದ ಮೊದಲನೇದು ನಿಮ್ಮದರ ಥರಾನೇ, ನಾಬ್‌ಗೆ ಗಟ್ಟಿ ಕಪ್ಲರ್. ಎರಡು ವಾರ ಚೆನ್ನಾಗಿತ್ತು. ಒಂದಿನ ಸಂಜೆ ಕರೆಂಟ್ ಹೋಗಿ ಸರ್ವೋ ಅರ್ಧದಲ್ಲೇ ನಿಂತಿದೆ, ಅಮ್ಮ ಒಳಗೆ, ನಾನು ಹೊರಗೆ. ಬೀಗದಕೈ ಹಾಕಿ ತಿರುಗಿಸ್ತೀನಿ, ಗೇರುಗಳು ಎದುರು ನಿಲ್ತವೆ. ಸಣ್ಣ ಕೀಲಿಕೈ ಹಿಡ್ಕೊಂಡು ನೂರಾರು ಪಟ್ಟು ಗೇರ್ ಇರೋ ಮೋಟಾರನ್ನ ಹಿಂದಕ್ಕೆ ತಿರುಗಿಸೋದು ಅಂದ್ರೆ ಏನು ಅಂತ ಆಗ ಗೊತ್ತಾಯ್ತು, ಕೀ ಬಗ್ಗೋಕೆ ಶುರುವಾಯ್ತು. ಒಳಗಿಂದ ಅಮ್ಮ ಎರಡೂ ಕೈ ಹಾಕಿ ಕಪ್ಲರ್ ತಿರುಗಿಸೋಕೆ ನೋಡಿದ್ರು, ಅವರ ಬೆರಳಿಗೆ ಸಂಧಿವಾತ, ಆಗ್ಲಿಲ್ಲ. ಕೊನೆಗೆ ಕಿಟಕಿಯಿಂದ ಒಂದು ಸ್ಕ್ರೂಡ್ರೈವರ್ ಕೊಟ್ಟು ನಾಲ್ಕು ಸ್ಕ್ರೂ ಬಿಚ್ಚಿಸಿದೆ. ಮುಕ್ಕಾಲು ಗಂಟೆ ಆಯ್ತು. ಅಡುಗೆಮನೇಲಿ ಗ್ಯಾಸ್ ಮೇಲೆ ಏನೋ ಇಟ್ಟಿದ್ದೀನಿ ಅಂತ ಅವರು ಒಳಗಿಂದ ಹೇಳ್ತಾ ಇದ್ದದ್ದು ಇನ್ನೂ ಕಿವೀಲಿದೆ. ಮಾರನೇ ದಿನಾನೇ ಅದನ್ನ ಕಿತ್ತುಹಾಕಿದೆ, ಅವತ್ತಿಂದ ನನ್ನ ನಿಯಮ ಒಂದೇ: ಒಳಗಿಂದ ಬರಿಗೈಯಲ್ಲಿ, ಹೊರಗಿಂದ ಬೀಗದಕೈಯಲ್ಲಿ, ಮೋಟಾರ್ ಯಾವ ಸ್ಥಿತೀಲಿ ಸತ್ತಿದ್ರೂ ಬಾಗಿಲು ತೆಗೀಬೇಕು.

ಅದಕ್ಕೆ ದಾರಿ ಏನಂದ್ರೆ ಕಪ್ಲರ್ ಒಳಗೆ ಬೇಕು ಅಂತಲೇ ಜಾಗ ಬಿಡೋದು. ನಾಬ್‌ನ ಚಪ್ಪಟೆ ಹಿಡಿ ಕೂರೋ ತೂತನ್ನ ಅದರ ಅಳತೆಗೇ ಮಾಡೋ ಬದಲು ಡಮರುವಿನ ಆಕಾರದಲ್ಲಿ ಮಾಡಿ, ನಡುವೆ ಸಣ್ಣ, ಎರಡು ಕಡೆಗೂ ಬೀಸಣಿಗೆ ಥರ ಅಗಲ, ಹಿಡಿ ಅದರೊಳಗೆ 90 ಡಿಗ್ರಿ ಸರಾಗವಾಗಿ ಆಡಬೇಕು. ಈಗ ಸರ್ವೋನ ನಡುವಿನ ಜಾಗದಲ್ಲಿ ನಿಲ್ಲಿಸಿದ್ರೆ ನಾಬ್ ಬೀಗ ಹಾಕಿದ ಕಡೆಗೂ ತೆಗೆದ ಕಡೆಗೂ ಕೈಯಿಂದ ಆರಾಮಾಗಿ ಹೋಗಿ ಬರುತ್ತೆ, ಕಪ್ಲರ್ ಅದನ್ನ ಮುಟ್ಟೋದೇ ಇಲ್ಲ. ಬೀಗ ಹಾಕಬೇಕಾದಾಗ ಸರ್ವೋ ಒಂದು ಕಡೆಗೆ 90 ಡಿಗ್ರಿ ಹೋಗಿ ಹಿಡಿಯನ್ನ ತಳ್ಳಿ ಮತ್ತೆ ನಡುವಿಗೆ ಬಂದು ನಿಲ್ಲುತ್ತೆ, ತೆಗೀಬೇಕಾದಾಗ ಇನ್ನೊಂದು ಕಡೆಗೆ. ಲೆಕ್ಕ ಹಾಕಿ ನೋಡಿ, ಎರಡೂ ಕಡೆ ಸೇರಿ 180 ಡಿಗ್ರಿ. ಮಾಮೂಲಿ ಸರ್ವೋ 180 ಅಂತ ಬರೆದಿದ್ರೂ ಎಷ್ಟೋ ಸಲ ಅಷ್ಟು ಪೂರ್ತಿ ಹೋಗಲ್ಲ, ಹೋದ್ರೂ ಕೊನೇಲಿ ಗೋಡೆಗೆ ಗುದ್ದಿದ ಹಾಗೆ ಸಿಕ್ಕಾಕೊಳ್ಳುತ್ತೆ. ಹಾಗಾಗಿ ಡಿಎಸ್3218 ಅಂತ ಸಿಗೋ 20 ಕೆಜಿ ದರ್ಜೆಯ ಡಿಜಿಟಲ್ ಸರ್ವೋಲಿ 270 ಡಿಗ್ರಿಯದ್ದು ತಗೊಳ್ಳಿ. ಎಲ್ಲಿಗೆ ತಿರುಗಬೇಕು ಅಂತ ಅದಕ್ಕೆ ಹೇಳೋ ಪಲ್ಸ್ (ಸಿಗ್ನಲ್) 500ರಿಂದ 2500 ಮೈಕ್ರೋಸೆಕೆಂಡ್ ತನಕ, ಕೋಡ್ ಲೈಬ್ರರಿಯಲ್ಲಿ ಮೊದಲೇ ಇರೋ ಅಂಕಿಯನ್ನೇ ಉಳಿಸಿಕೊಂಡ್ರೆ ಪೂರ್ತಿ ತಿರುಗದೇ ಇರಬಹುದು, ಈ ಅಂಕಿ ನೀವೇ ಕೊಡಬೇಕು.

ಆದ್ರೆ ಒಂದು ಮಾತು ಮರೀಬೇಡಿ, ತಳ್ಳೋ ನಡುವೇನೇ ಕರೆಂಟ್ ಹೋದ್ರೆ ಕಪ್ಲರ್ ಪಕ್ಕಕ್ಕೇ ನಿಂತುಬಿಡುತ್ತೆ, ಆಗ ಮತ್ತೆ ಅದೇ ಕಥೆ. ಅದಕ್ಕೇ ಇಂಥ ಬೀಗಕ್ಕೆ ಬ್ಯಾಟರಿ ಬ್ಯಾಕಪ್ ಇರಲೇಬೇಕು. ಜೊತೆಗೆ ಪೆಟ್ಟಿಗೇನ ಸ್ಕ್ರೂ ಬದಲು ಒಳಗಿಂದ ಕೈಯಲ್ಲೇ ಬಿಚ್ಚೋ ಎರಡು ಚಿಟ್ಟೆ ನಟ್ಟಲ್ಲಿ ಕೂರಿಸಿ, ಮನೇಲಿರೋರೆಲ್ಲಾ ಒಂದು ಸಲ ಕಣ್ಣು ಮುಚ್ಚಿ ಬಿಚ್ಚಿ ನೋಡಲಿ.

ಪ್ರಶ್ನೆ: ನಮಸ್ಕಾರ್ರೀ ಸರ. ನಿಮ್ಮದು ಓದಿದ ಮ್ಯಾಲೆ ನಮ್ಮ ಮನಿ ಬಾಗ್ಲಕ್ಕ ಸರ್ವೋ ಹಾಕೀನ್ರಿ. ಮೊನ್ನೆ ರಾತ್ರಿ ಎರಡಕ್ಕ ಕರೆಂಟ್ ಹೋತು, ಬಂತು. ಮುಂಜಾನೆ ಎದ್ದು ನೋಡಿದ್ರ ಕೀಲಿ ತಗದಿತ್ರಿ! ಯಾರೂ ಬಂದಿಲ್ಲ, ಏನೂ ಹೋಗಿಲ್ಲ, ಆದ್ರ ಮನ್ಯಾಗ ಎಲ್ಲಾರೂ ಹೆದರ್ಯಾರ. ಯಾಕ ಹಿಂಗ ಆತು? (ಹುಬ್ಬಳ್ಳಿಯ ಓದುಗರು)

ಉತ್ತರ: ಹೆದರಬೇಡ್ರಿ, ಯಾರೋ ಹ್ಯಾಕ್ ಮಾಡಿದ್ದಲ್ಲ. ಕರೆಂಟ್ ಬಂದಾಗ ಬೋರ್ಡು ಹೊಸದಾಗಿ ಶುರುವಾಗುತ್ತೆ, ನಿಮ್ಮ ಕೋಡ್‌ನಲ್ಲಿ ಶುರುವಲ್ಲೇ ಸರ್ವೋಗೆ 0 ಡಿಗ್ರಿಗೆ ಹೋಗು ಅಂತ ಬರೆದಿರ್ತೀರಿ, ಆ ಸೊನ್ನೆ ಅನ್ನೋದು ನಿಮ್ಮ ಬಾಗಿಲಲ್ಲಿ ಬೀಗ ತೆಗೆದ ಜಾಗ. ಅಂತರ್ಜಾಲದಲ್ಲಿ ಸಿಗೋ ಉದಾಹರಣೆ ಕೋಡುಗಳಲ್ಲಿ ಇದು ತುಂಬಾ ಕಾಣುತ್ತೆ, ಆಟಿಕೆಗೆ ಪರವಾಗಿಲ್ಲ, ಬಾಗಿಲಿಗೆ ಇದು ದೊಡ್ಡ ತಪ್ಪು.

ಮೂರು ಕೆಲಸ ಮಾಡ್ರಿ. ಸರ್ವೋದ ಪವರ್ ಲೈನ್‌ನ ಒಂದು ಮಾಸ್ಫೆಟ್ ಅಥವಾ ಸಣ್ಣ ರಿಲೇ (ಬೋರ್ಡು ಹೇಳಿದಾಗ ಆನ್ ಆಫ್ ಆಗೋ ಸ್ವಿಚ್ಚುಗಳು) ಮೂಲಕ ಕೊಡ್ರಿ, ಬೋರ್ಡ್ ಶುರುವಾದಾಗ ಅದು ಆಫ್ ಇರಬೇಕು, ತಿರುಗಿಸೋ ಹೊತ್ತಲ್ಲಿ ಮಾತ್ರ ಆನ್. ಪಿನ್ ಆರಿಸೋವಾಗ ಜೋಪಾನ, ಇಎಸ್‌ಪಿ32ರಲ್ಲಿ 5, 14, 15ನೇ ಪಿನ್‌ಗಳು ಬೂಟ್ ಆಗೋವಾಗ ತಾವೇ ಸಿಗ್ನಲ್ ಬಿಡ್ತವೆ, 25, 26, 27 ಆ ಲೆಕ್ಕದಲ್ಲಿ ಸಾಧು, ಜೊತೆಗೆ ಮಾಸ್ಫೆಟ್‌ನ ಗೇಟ್ ಅನ್ನೋ ಕಾಲಿಂದ ಗ್ರೌಂಡಿಗೆ ಒಂದು 10ಕೆ (10,000 ಓಮ್) ರೆಸಿಸ್ಟರ್ ಹಾಕ್ರಿ. ಎರಡನೇದು, ಶುರುವಲ್ಲಿ ಸರ್ವೋನ ಅಲ್ಲಾಡಿಸೋ ಸಾಲನ್ನ ತೆಗೆದುಹಾಕ್ರಿ. ಮೂರನೇದು, ಬೀಗ ಈಗ ಹಾಕಿದೆಯಾ ತೆಗೆದಿದೆಯಾ ಅಂತ ಬೋರ್ಡು ತನ್ನ ನೆನಪಿಂದ ಹೇಳಬಾರದು, ಕಣ್ಣಾರೆ ನೋಡಿ ಹೇಳಬೇಕು. ಎಎಸ್5600 ಅಂತ ಸಣ್ಣ ಮ್ಯಾಗ್ನೆಟಿಕ್ ಸೆನ್ಸರ್ ಇದೆ, ನಾಬ್ ನಡುವೆ ಒಂದು ಚಿಕ್ಕ ಅಯಸ್ಕಾಂತ ಅಂಟಿಸಿದ್ರೆ ಒಂದು ಸುತ್ತನ್ನ 4096 ಭಾಗ ಮಾಡಿ ಎಲ್ಲಿದೆ ಅಂತ ಹೇಳುತ್ತೆ, ಯಾರೋ ಕೈಯಿಂದ ತಿರುಗಿಸಿದ್ರೂ ಗೊತ್ತಾಗುತ್ತೆ. ಅದು ಕಷ್ಟ ಅನ್ಸಿದ್ರೆ ಎರಡು ಕೊನೇಲೂ ಒಂದೊಂದು ಲಿಮಿಟ್ ಸ್ವಿಚ್ (ತಾಗಿದ್ರೆ ಒತ್ತಿಕೊಳ್ಳೋ ಸ್ವಿಚ್ಚು) ಸಾಕು.

ಇದರ ಜೊತೆ ಚೌಕಟ್ಟಿಗೆ ಒಂದು ರೀಡ್ ಸ್ವಿಚ್ಚು (ಅಯಸ್ಕಾಂತ ಹತ್ರ ಬಂದ್ರೆ ಆನ್ ಆಗೋದು), ಕದಕ್ಕೆ ಒಂದು ಅಯಸ್ಕಾಂತ ಹಾಕ್ರಿ. ಬಾಗಿಲು ಮುಚ್ಚಿದೆ ಅಂತ ಅದು ಹೇಳೋ ತನಕ ಬೋಲ್ಟ್ ಹೊರಗೆ ಬರಬಾರದು. ಇಲ್ಲಾಂದ್ರೆ ಬಾಗಿಲು ತೆರೆದೇ ಇರುತ್ತೆ, ಬೋಲ್ಟು ಹೊರಗೆ ಚಾಚಿರುತ್ತೆ, ಫೋನು ಮಾತ್ರ ಬೀಗ ಹಾಕಿದೆ ಅಂತ ಹೇಳುತ್ತೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಹಾಕಿದ್ದು ಮೇ ಕೊನೆ ತನಕ ಒಂದು ದಿನವೂ ತಪ್ಪಲಿಲ್ಲ. ಜೂನ್ ಮಳೆ ಹಿಡಿದದ್ದೇ ದಿನಕ್ಕೆ ಮೂರು ಸಲ ಸಿಕ್ಕಿಕೊಳ್ತದೆ. ಇನ್ನೂ ದೊಡ್ಡ ಮೋಟಾರ್ ಹಾಕುವುದಾ? (ಮಂಗಳೂರಿನ ಓದುಗರು)

ಉತ್ತರ: ಬೇಡ. ಬೀಗ ಸಿಕ್ಕಿಕೊಳ್ತಾ ಇಲ್ಲ, ನಿಮ್ಮ ಬಾಗಿಲು ಉಬ್ಬಿದೆ. ಮರ ನೀರಿನಂಶ ಹೀರಿದಾಗ ಉದ್ದಕ್ಕೆ ಬೆಳೆಯೋದು ಇಲ್ಲ ಅನ್ನುವಷ್ಟು ಕಮ್ಮಿ, ಅಡ್ಡಕ್ಕೆ ಚೆನ್ನಾಗೇ ಬೆಳೆಯುತ್ತೆ, ಅದಕ್ಕೇ ಮಳೆಗಾಲದಲ್ಲಿ ಕದ ದಾರಂದಕ್ಕೆ ಉಜ್ಜೋದು. ಎರಡು ಮಿಲಿಮೀಟರ್ ಸರಿದ್ರೆ ಸಾಕು, ಬೋಲ್ಟಿನ ತುದಿ ದಾರಂದದ ತಗಡಿನ ತೂತಿಗೆ ನೇರ ಹೋಗದೆ ಅಂಚಿಗೆ ತಾಗುತ್ತೆ. ನಾವು ಕೈಯಲ್ಲಿ ಬೀಗ ಹಾಕೋವಾಗ ನಮಗೇ ಗೊತ್ತಿಲ್ಲದೆ ಇನ್ನೊಂದು ಕೈಯಿಂದ ಅಥವಾ ಭುಜದಿಂದ ಬಾಗಿಲನ್ನ ಸ್ವಲ್ಪ ಒತ್ತಿ, ಎತ್ತಿ, ಆಮೇಲೆ ತಿರುಗಿಸ್ತೀವಿ. ಮೋಟಾರಿಗೆ ಆ ಇನ್ನೊಂದು ಕೈ ಇಲ್ಲ.

ಎಲ್ಲಿ ತಾಗ್ತಿದೆ ಅಂತ ನೋಡೋಕೆ ಸುಲಭ ಉಪಾಯ: ಸ್ವಲ್ಪ ಕುಂಕುಮಕ್ಕೆ ಎರಡು ಹನಿ ಎಣ್ಣೆ ಕಲಸಿ ಬೋಲ್ಟ್ ತುದಿಗೆ ಹಚ್ಚಿ, ಬಾಗಿಲು ಮುಚ್ಚಿ ನಾಬ್ ತಿರುಗಿಸಿ, ತೆಗೆದು ತಗಡು ನೋಡಿ. ಕೆಂಪು ಎಲ್ಲಿ ಹತ್ತಿದೆಯೋ ಅಲ್ಲಿ ಅರ ಹಾಕಿ ಉಜ್ಜಿ, ಒಂದೂವರೆ ಎರಡು ಮಿಲಿಮೀಟರ್, ಅಷ್ಟೇ. ತಗಡಿನ ಹಿಂದೆ ಮರದ ತೂತೂ ಚಿಕ್ಕದಿದ್ರೆ ಉಳಿ ಬೇಕಾಗುತ್ತೆ, ಅಭ್ಯಾಸ ಇಲ್ಲದಿದ್ರೆ ಆಚಾರಿಯನ್ನ ಕರೀರಿ, ಅರ್ಧ ಗಂಟೆ ಕೆಲಸ. ಬಿಜಾಗರಿ ಸ್ಕ್ರೂಗಳು ಸಡಿಲ ಆಗಿದ್ರೆ ಅವನ್ನೂ ಬಿಗಿ ಮಾಡಿಸಿ. ಬೀಗದ ತೂತಿಗೆ ತೆಂಗಿನೆಣ್ಣೆ ಬಿಡಬೇಡಿ, ಆ ಕ್ಷಣಕ್ಕೆ ಸಡಿಲ ಅನ್ಸುತ್ತೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತೆ. ಪೆನ್ಸಿಲ್ ಸೀಸ ಪುಡಿ ಮಾಡಿ ಊದಿದ್ರೆ ಸಾಕು.

ದೊಡ್ಡ ಮೋಟಾರ್ ಯಾಕೆ ಬೇಡ ಅಂದ್ರೆ ಅದು ತಾಗಿದ್ದನ್ನ ಲೆಕ್ಕಿಸದೆ ತಳ್ಳುತ್ತೆ, ಆಗ ಮುರಿಯೋದು ಬೀಗದ ಒಳಗಿನ ಭಾಗ. ಬದಲಿಗೆ ಐಎನ್ಎ219 ಅಂತ ಒಂದು ಕರೆಂಟ್ ಸೆನ್ಸರ್ ಹಾಕಿ, 3.2 ಆಂಪಿಯರ್ ತನಕ ಅಳೆಯುತ್ತೆ. ಮಾಮೂಲಿಗಿಂತ ಜಾಸ್ತಿ ಕರೆಂಟ್ ಅರ್ಧ ಸೆಕೆಂಡ್ ಮೇಲೆ ಎಳೆದ್ರೆ ನಿಲ್ಲಿಸಿ, ಹಿಂದೆ ಹೋಗಿ, ಒಂದು ಸಲ ಮತ್ತೆ ಪ್ರಯತ್ನ ಮಾಡಿ, ಆಗದಿದ್ರೆ ಬಝರ್ ಹೊಡೆದು ಸುಮ್ಮನಾಗಲಿ. ದಿನಾ ಆ ಕರೆಂಟ್ ಅಂಕಿ ಬರೆದಿಟ್ರೆ ಬಾಗಿಲು ಯಾವಾಗ ಉಬ್ಬೋಕೆ ಶುರುವಾಯ್ತು ಅಂತಲೂ ಕಾಣುತ್ತೆ, ನನ್ನ ಪಾಲಿಗೆ ಅದೊಂದು ಖುಷಿ.

ಪ್ರಶ್ನೆ: ಎಚ್‌ಸಿ-05 ಬ್ಲೂಟೂತ್ ಹಾಕಿದ್ದೀನಿ, ಫೋನಿಂದ ಓ ಅಂತ ಅಕ್ಷರ ಕಳಿಸಿದ್ರೆ ತೆಗೆಯುತ್ತೆ. ಟೆಲಿಗ್ರಾಂ ಬಾಟ್ (ಮೆಸೇಜ್ ನೋಡಿ ತಾನೇ ಕೆಲಸ ಮಾಡೋ ಪ್ರೋಗ್ರಾಂ) ಕೂಡ ಮಾಡಿದ್ದೀನಿ, ಊರಲ್ಲಿದ್ರೂ ತೆಗೀಬಹುದು. ಸೇಫ್ ತಾನೇ? (ಬೆಂಗಳೂರಿನ ಓದುಗರು)

ಉತ್ತರ: ಈಗಿರೋ ಹಾಗೆ ಸೇಫ್ ಅಲ್ಲ. ಎಚ್‌ಸಿ-05 ಅಂಗಡಿಯಿಂದ ಬರೋವಾಗ ಅದರ ಗುಟ್ಟಿನ ಪಿನ್ ನಂಬರು 1234 ಇರುತ್ತೆ, ಇಲ್ಲಾ 0000. ನೀವು ಬದಲಾಯಿಸಿಲ್ಲ ಅಂದ್ರೆ ಮೆಟ್ಟಿಲ ಹತ್ರ ನಿಂತ ಯಾರು ಬೇಕಾದ್ರೂ ಜೋಡಿಸಿಕೊಂಡು ಆ ಒಂದಕ್ಷರ ಕಳಿಸಬಹುದು. ನನ್ನ ಫೋನಿನ ಬ್ಲೂಟೂತ್ ವಿಳಾಸ ಕಂಡ್ರೆ ಮಾತ್ರ ತೆಗೆಯೋ ಹಾಗೆ ಮಾಡಿದ್ದೀನಿ ಅಂತ ಇನ್ನಿಬ್ಬರು ಬರೆದಿದ್ದಾರೆ, ಅವರಿಗೂ ಇದೇ ಉತ್ತರ, ವಿಳಾಸವನ್ನ ನಕಲು ಮಾಡಬಹುದು, ಅದು ಗುಟ್ಟಲ್ಲ.

ಸರಿಯಾದ ದಾರಿ ಹೀಗೆ. ಬೀಗ ಪ್ರತಿ ಸಲ ಒಂದು ಹೊಸ ಅಡ್ಡಾದಿಡ್ಡಿ ಅಂಕಿ ಕಳಿಸುತ್ತೆ, ಫೋನು ತನ್ನ ಹತ್ರ ಇರೋ ಗುಟ್ಟಿನ ಕೀಲಿ ಸೇರಿಸಿ ಅದಕ್ಕೊಂದು ಲೆಕ್ಕ ಮಾಡಿ ಉತ್ತರ ಕೊಡುತ್ತೆ, ಬೀಗ ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತೆ. ಎಚ್‌ಮ್ಯಾಕ್ ಅಂತ ಇದರ ಹೆಸರು, ಇಎಸ್‌ಪಿ32ಗೆ ಇದು ನೀರು ಕುಡಿದಷ್ಟು ಸುಲಭ. ಗಾಳೀಲಿ ಕದ್ದು ಕೇಳಿಸ್ಕೊಂಡವನಿಗೆ ಆ ಉತ್ತರ ಮುಂದಿನ ಸಲಕ್ಕೆ ಉಪಯೋಗಕ್ಕೆ ಬರಲ್ಲ. ಕೋಡ್ ಬರೆಯೋಕೆ ಪುರುಸೊತ್ತಿಲ್ಲ ಅಂದ್ರೆ ಹೋಮ್ ಅಸಿಸ್ಟೆಂಟ್ (ಮನೆ ಉಪಕರಣ ನಡೆಸೋ ಸಾಫ್ಟ್‌ವೇರ್) ಜೊತೆ ಇಎಸ್‌ಪಿಹೋಮ್ (ಇಎಸ್‌ಪಿ32ಗೆ ಕೋಡ್ ತಯಾರಿಸಿ ಕೊಡೋದು) ಬಳಸಿ, ಸಂದೇಶಕ್ಕೆ ಎನ್‌ಕ್ರಿಪ್ಷನ್ ಕೀ ಹಾಕೋ ಸೌಲಭ್ಯ ಅದರಲ್ಲೇ ಇದೆ, ಮನೆ ವೈಫೈ ಒಳಗೇ ಇರಲಿ, ಹೊರಗಿಂದ ಬೇಕಾದ್ರೆ ವಿಪಿಎನ್ (ಮನೆ ನೆಟ್‌ವರ್ಕಿಗೆ ಬೀಗ ಹಾಕಿದ ದಾರಿ) ಮೂಲಕ. ರೂಟರ್‌ನಲ್ಲಿ ಪೋರ್ಟ್ (ಇಂಟರ್ನೆಟ್‌ನಿಂದ ನೇರ ಒಳಗೆ ಬರೋ ದಾರಿ) ತೆರೆದು ಬಿಡ್ಬೇಡಿ. ಟೆಲಿಗ್ರಾಂ ಬಾಟ್ ಇಟ್ಕೊಳ್ಳೋದೇ ಆದ್ರೆ ಸಂದೇಶ ಕಳಿಸಿದವರ ಚಾಟ್ ಐಡಿ ನಿಮ್ಮದೇನಾ ಅಂತ ಕೋಡು ನೋಡಬೇಕು, ಬಾಟ್‌ನ ಹೆಸರು ಗೊತ್ತಾದ ಯಾರು ಬೇಕಾದ್ರೂ ಅದಕ್ಕೆ ಮೆಸೇಜ್ ಹಾಕಬಹುದು. ಟೋಕನ್ (ಬಾಟ್‌ನ ಗುಟ್ಟಿನ ಕೀಲಿ) ಸಮೇತ ಕೋಡನ್ನ ಯಾರಿಗೂ ಕಳಿಸಬೇಡಿ.

ನಿಮ್ಮ ಪತ್ರದ ಜೊತೆ ಇದ್ದ ಫೋಟೋ ನೋಡಿ ಇನ್ನೂ ಒಂದು. ಕೀಪ್ಯಾಡ್ ಪೆಟ್ಟಿಗೆ ಹೊರಗಡೆ ಇದೆ, ರಿಲೇನೂ ಅದರೊಳಗೇ ಇದೆ. ಆ ಪೆಟ್ಟಿಗೆಯ ಎರಡು ಸ್ಕ್ರೂ ಬಿಚ್ಚಿ ಎರಡು ವೈರ್ ಮುಟ್ಟಿಸಿದ್ರೆ ಪಾಸ್‌ವರ್ಡೂ ಬೇಡ, ಏನೂ ಬೇಡ. ಹೊರಗೆ ಬರೀ ಗುಂಡಿಗಳಿರಲಿ, ತೀರ್ಮಾನ ಮಾಡೋ ಬೋರ್ಡು, ರಿಲೇ, ಮೋಟಾರ್ ಎಲ್ಲಾ ಒಳಗಡೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋ ಹಾಗಾಗೋದು ಬೇಡ, ಈ ಭಾನುವಾರವೇ ಬದಲಾಯಿಸಿ.

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೇಲಿದ್ದೀವಿ. ಬಾಗಿಲು ಮುಚ್ಚಿದ್ರೆ ಹೊರಗಿಂದ ಹಿಡಿಯೇ ಇಲ್ಲ, ಕೀ ಮರೆತ್ರೆ ಬೀಗದವರನ್ನ ಕರೆಸಬೇಕು, ಅವರ ರೇಟು ಕೇಳಿದ್ರೆ ಎದೆ ಝಲ್ ಅನ್ನುತ್ತೆ. ಇಲ್ಲಿಯ ಬೀಗಕ್ಕೂ ನಾವೇ ಮಾಡ್ಕೋಬಹುದಾ? ಮನೆ ಓನರ್ ತೂತು ಕೊರೆಯೋಕೆ ಬಿಡಲ್ಲ. (ಮನೆಯವರಿಬ್ಬರೂ ಓದ್ತೀವಿ ಅಂತ ಬರೆದ ದಂಪತಿ)

ಉತ್ತರ: ಮಾಡಬಹುದು, ಆದ್ರೆ ಅಲ್ಲಿಯ ಬೀಗದ ಲೆಕ್ಕವೇ ಬೇರೆ. ನಿಮ್ಮದು ಯೂರೋ ಸಿಲಿಂಡರ್ (ಕೀ ಹಾಕೋ ಭಾಗವನ್ನ ಬಿಡಿಯಾಗಿ ತೆಗೆಯಬಹುದಾದ ಬೀಗ), ಪೂರ್ತಿ ಬೀಗ ಹಾಕೋಕೆ ಕೀಯನ್ನ ಸಾಮಾನ್ಯವಾಗಿ ಎರಡು ಸುತ್ತು ತಿರುಗಿಸಬೇಕು, ಅಂದ್ರೆ 720 ಡಿಗ್ರಿ, ತೆಗೆಯೋವಾಗ ಕೊನೇಲಿ ಇನ್ನಷ್ಟು ತಿರುಗಿಸಿ ಹಿಡ್ಕೊಂಡ್ರೆ ಲ್ಯಾಚ್ ಒಳಗೆ ಹೋಗುತ್ತೆ. ಮಾಮೂಲಿ ಸರ್ವೋ ಇಲ್ಲಿ ಆಗಲ್ಲ, ಎನ್‌ಕೋಡರ್ (ಎಷ್ಟು ತಿರುಗಿದೆ ಅಂತ ಎಣಿಸೋದು) ಇರೋ ಗೇರ್ ಮೋಟಾರ್ ಬೇಕು. ಆಸ್ಟ್ರಿಯಾದ ಗ್ರಾಜ್‌ನ ನುಕಿ ಅನ್ನೋ ಕಂಪನಿ ಮಾಡಿರೋದು ಇದೇ ಉಪಾಯ, ಒಳಗಡೆ ಕೀ ಹಾಕಿಟ್ಟು ಅದರ ಮೇಲೆ ಮೋಟಾರ್ ಕೂರಿಸಿ ಕೀಯನ್ನೇ ತಿರುಗಿಸೋದು. ಅಮೆರಿಕದ ಆಗಸ್ಟ್ ಲಾಕ್ ಅಲ್ಲಿಯ ಡೆಡ್‌ಬೋಲ್ಟ್‌ಗೆ (ಒಳಗಿನ ನಾಬ್‌ನಿಂದ ತಿರುಗಿಸೋ ಬೋಲ್ಟ್ ಬೀಗ) ಅಂತ ಮಾಡಿದ್ದು, ಅದು ನಿಮ್ಮ ಬಾಗಿಲಿಗೆ ಹಾಗೇ ಕೂರಲ್ಲ.

ಕೀ ಒಳಗಡೆ ಸದಾ ಸಿಕ್ಕಿಸಿಟ್ಟಾಗ ಹೊರಗಿಂದ ಇನ್ನೊಂದು ಕೀ ಹಾಕಿದ್ರೆ ತಿರುಗುತ್ತಾ ಅಂತ ಮೊದಲು ನೋಡಿ. ಬಾಗಿಲು ತೆರೆದಿಟ್ಕೊಂಡೇ ನೋಡಿ, ಇದು ಮುಖ್ಯ. ಎಷ್ಟೋ ಹಳೇ ಸಿಲಿಂಡರ್‌ಗಳಲ್ಲಿ ತಿರುಗಲ್ಲ. ತಿರುಗದಿದ್ರೆ ಎರಡೂ ಕಡೆಯಿಂದ ಏಕಕಾಲಕ್ಕೆ ಕೆಲಸ ಮಾಡೋ ಸಿಲಿಂಡರ್, ಇಲ್ಲಾ ಒಳಗಡೆ ನಾಬ್ ಇರೋ ಸಿಲಿಂಡರ್ ತಂದು ಹಾಕಿ. ಬಾಗಿಲ ಅಂಚಲ್ಲಿರೋ ಒಂದೇ ಒಂದು ಸ್ಕ್ರೂ ಬಿಚ್ಚಿ, ಕೀ ಹಾಕಿ ಸ್ವಲ್ಪ ತಿರುಗಿಸಿ ಎಳೆದ್ರೆ ಹಳೇದು ಹೊರಗೆ ಬರುತ್ತೆ, ತೂತು ಕೊರೆಯೋದಿಲ್ಲ. ಹಳೇದನ್ನ ಅದರ ಎಲ್ಲಾ ಕೀಗಳ ಜೊತೆ ಒಂದು ಡಬ್ಬೀಲಿ ಹಾಕಿಟ್ಟು ಮನೆ ಬಿಡೋವಾಗ ವಾಪಸ್ ಹಾಕಿ, ಓನರ್‌ಗೆ ಮೊದಲೇ ಒಂದು ಮಾತು ಬರೆದು ತಿಳಿಸಿ. ಒಂದೇ ಕಟ್ಟಡದ ಎಲ್ಲರ ಕೀಯೂ ಕೆಳಗಿನ ಗೇಟಿಗೂ ಆಗೋ ಹಾಗಿದ್ರೆ ಸಿಲಿಂಡರ್ ಬದಲಾಯಿಸೋ ಮೊದಲು ಕೇಳಲೇಬೇಕು.

ಪ್ರಶ್ನೆ: ನಾಲ್ಕು ಪೆನ್ಸಿಲ್ ಸೆಲ್ ಹಾಕಿದ್ರೆ ಎಷ್ಟು ದಿನ ಬರುತ್ತೆ? (ದಾವಣಗೆರೆ)

ಉತ್ತರ: ವೈಫೈ ಸದಾ ಆನ್ ಇದ್ರೆ ಇಎಸ್‌ಪಿ32 ಸುಮಾರು 100 ಮಿಲಿಆಂಪಿಯರ್ ತಿನ್ನುತ್ತೆ, 2000 ಎಂಎಎಚ್ ಸೆಲ್ಲು ಒಂದು ದಿನಾನೂ ಪೂರ್ತಿ ಬರಲ್ಲ. ಅಡಾಪ್ಟರ್ ಇರಲಿ, ಸೆಲ್ಲು ಬ್ಯಾಕಪ್‌ಗೆ ಮಾತ್ರ. ಪವರ್ ಬ್ಯಾಂಕ್ ಇಡೋಕೆ ಹೋಗ್ಬೇಡಿ, ಎಷ್ಟೋ ಪವರ್ ಬ್ಯಾಂಕು ಕಮ್ಮಿ ಕರೆಂಟ್ ಎಳೆದಾಗ ಯಾರೂ ಇಲ್ಲ ಅಂದ್ಕೊಂಡು ತಾನೇ ಆಫ್ ಆಗುತ್ತೆ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿನಿ. ಹತ್ತಿರದಲ್ಲಿ 3ಡಿ ಪ್ರಿಂಟರ್ ಇಲ್ಲ, ಪ್ರಿಂಟ್ ತರಿಸೋಷ್ಟು ದುಡ್ಡೂ ಇಲ್ಲ. ಬೇರೆ ದಾರಿ ಇದೆಯಾ? (ತುಮಕೂರು)

ಉತ್ತರ: ಇದೆಯಮ್ಮ, ಅದೂ ಪ್ರಿಂಟ್‌ಗಿಂತ ಗಟ್ಟಿ. 3ಡಿ ಪ್ರಿಂಟ್‌ಗೆ ಬಳಸೋ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಲ್ಲೇ ಮೆತ್ತಗಾಗುತ್ತೆ, ಪಶ್ಚಿಮಕ್ಕೆ ಮುಖ ಮಾಡಿರೋ ಕಬ್ಬಿಣದ ಬಾಗಿಲಿಗೆ ಅದನ್ನ ನಾನಂತೂ ನಂಬಲ್ಲ. ಮರದ ಕೆಲಸ ಮಾಡೋರ ಹತ್ರ ಹೋಗಿ ಒಂದು ಅಂಗೈ ಅಗಲದ ತೇಗದ ತುಂಡು ಕೇಳು, ಒಂದು ಇಂಚು ದಪ್ಪ ಇರಲಿ. ನಾಬ್‌ನ ಹಿಡಿ ಮೇಲೆ ಕಾಗದ ಇಟ್ಟು ಪೆನ್ಸಿಲಲ್ಲಿ ಉಜ್ಜಿ ಅಚ್ಚು ತೆಗಿ, ಕಾಲು ಸುತ್ತು ತಿರುಗಿಸಿ ಅದೇ ಕಾಗದದ ಮೇಲೆ ಅದೇ ನಡುಬಿಂದುವಿಗೆ ಇನ್ನೊಂದು ಅಚ್ಚು, ಎರಡರ ನಡುವಿನ ಜಾಗವನ್ನೂ ಸೇರಿಸಿ ಗೆರೆ ಎಳೆದ್ರೆ ಮೇಲೆ ಹೇಳಿದ ಡಮರು ಆಕಾರ ತಾನಾಗೇ ಬರುತ್ತೆ. ಅದನ್ನ ಮರದ ಮೇಲೆ ಅಂಟಿಸಿ ಸಾಲಾಗಿ ಡ್ರಿಲ್ ಮಾಡಿ ಉಳೀಲಿ ತೆಗೆದು ಅರದಲ್ಲಿ ನುಣುಪು ಮಾಡು. ಹಿಂಬದಿಗೆ ಸರ್ವೋಗೆ ಹೊಂದೋ ಲೋಹದ ದುಂಡು ಹಾರ್ನನ್ನ (ಸರ್ವೋ ತಿರುಗೋ ತುದಿಗೆ ಕೂರೋ ಬಿಲ್ಲೆ) ನಾಲ್ಕು ಸಣ್ಣ ಸ್ಕ್ರೂ ಹಾಕಿ ಕೂರಿಸು, ನಡುಬಿಂದು ತಪ್ಪಬಾರದು, ಒಂದು ಮಿಲಿಮೀಟರ್ ತಪ್ಪಿದ್ರೂ ತಿರುಗೋವಾಗ ಓಲಾಡುತ್ತೆ. ಮೊದಲು ತುಂಡು ಥರ್ಮಾಕೋಲಲ್ಲಿ ಒಂದು ಮಾಡಿ ನಾಬ್ ಮೇಲೆ ಇಟ್ಟು ಕೈಯಲ್ಲೇ ತಿರುಗಿಸಿ ನೋಡು, ಆಮೇಲೆ ಮರಕ್ಕೆ ಕೈ ಹಾಕು. ಮುಗಿದ ಮೇಲೆ ಒಂದು ಫೋಟೋ ಕಳಿಸು, ಮುಂದಿನ ಸಂಚಿಕೇಲಿ ಅಳತೆ ಸಮೇತ ಹಾಕೋಣ.